ಸರಕಾರಿ ಸಾಲದವರ ಗಾತ್ರ ಮತ್ತು ಮಂಜಗುಣಿಯ ಒಡೆದ ಒಡ್ಡು

ಸನ್ಮಾನ್ಯ ಸರಕಾರಿ ಸಾಲದವರ ಸನ್ನಿಧಿಗೆ,
ಮೊಕ್ಕಾಂ: ಎರಡೂ ಪಕ್ಷದ ಮುಖಂಡರು ಬೇರೆ ಬೇರೆ ಹೇಳುತ್ತಾರೆ.

ಮಾನ್ಯರೇ,

ಅಂಕೋಲಾ ತಾಲೂಕಿನ ಮಂಜಗುಣಿಯಿಂದ ಗಜನಿ ರೈತರ ಸಂಘದ ಕಾರ್ಯದರ್ಶಿ ರುಕ್ಮಿಣಿ ಗೌಡ ಮಾಡುವ ಅನಂತ ನಮಸ್ಕಾರಗಳು. ಸರಕಾರದ ತಲೆಯ ಮೇಲಿನ ಸಾಲವಾದ ತಾವು ದಿನದಿಂದ ದಿನಕ್ಕೆ ಮೈ ತುಂಬಿಕೊಳ್ಳುತ್ತಿದ್ದೀರೆಂದು ಒಬ್ಬರೂ, ಇಲ್ಲ, ಸೊರಗಿ ಕಡ್ಡಿಯಾಗಿದ್ದೀರೆಂದು ಇನ್ನೊಬ್ಬರೂ ಹೇಳುತ್ತಿರುವುದರಿಂದ, ತಮ್ಮ ಆರೋಗ್ಯಕ್ಕೆ ಏನು ಹಾರೈಸಬೇಕೆಂಬುದೇ ತಿಳಿಯದೆ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಗಜನಿ ಎಂದರೆ ಗಂಗಾವಳಿ ಹೊಳೆಯ ಅಂಚಿನ ಉಪ್ಪುನೀರಿನ ಗದ್ದೆ. ಹೊಳೆಗೂ ಗದ್ದೆಗೂ ನಡುವೆ ಇರುವುದು ಒಂದು ಮಣ್ಣಿನ ಒಡ್ಡು ಮಾತ್ರ. ಅದು ಹೋದ ತಿಂಗಳ ನೆರೆಯಲ್ಲಿ ಹದಿನೆಂಟು ಮೊಳ ಒಡೆದುಹೋಯಿತು. ನಾವು ಬೆಳೆಯುವ ಕಗ್ಗ ಭತ್ತ ಉಪ್ಪಿಗೆ ಹೆದರುವ ಜಾತಿಯಲ್ಲ, ನಿಜ. ಆದರೆ ದಿನಕ್ಕೆರಡು ಸಲ ಕಡಲುಕ್ಕಿ ಬರುವ ಭರತದ ನೀರು ಕುಡಿಸಿದರೆ ಅದೂ ಕೈಚೆಲ್ಲುತ್ತದೆ. ಈಗ ತೆನೆಯಲ್ಲಿ ಹಾಲು ತುಂಬುವ ಹೊತ್ತು. ಬರುವ ಅಮಾವಾಸ್ಯೆಯ ದೊಡ್ಡ ಭರತಕ್ಕೆ ಮೊದಲು ಒಡ್ಡು ಮುಚ್ಚದಿದ್ದರೆ ನಲವತ್ತು ಮನೆಗಳ ವರ್ಷದ ಅನ್ನ ಹೊಳೆಯ ಪಾಲು. ಒಡ್ಡು ಸರಕಾರದ್ದು, ದುರಸ್ತಿಯೂ ಸರಕಾರದ್ದು. ಆದ್ದರಿಂದ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿಗೆ ಅರ್ಜಿ ಹಾಕಿದೆವು. ತಮ್ಮ ಪರಿಚಯವಾದದ್ದು ಆಗ.

ಆಳುವ ಪಕ್ಷದ ನಮ್ಮ ಮುಖಂಡರು ಕಾರವಾರದ ವೇದಿಕೆಯಲ್ಲಿ, ರಾಜ್ಯದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ತಾವು ಲೆಕ್ಕಕ್ಕೇ ಬರುವವರಲ್ಲವೆಂದು ಮುಕ್ಕಾಲು ತಾಸು ವಿವರಿಸಿದ್ದನ್ನು ನಾನೇ ಮೂರನೇ ಸಾಲಿನಲ್ಲಿ ಕೂತು ಕೇಳಿ ಚಪ್ಪಾಳೆ ತಟ್ಟಿದ್ದೆ. ಮರುದಿನ ಅರ್ಜಿ ಹಿಡಿದು ಹೋದಾಗ ಅವರೇ ತಲೆಯ ಮೇಲೆ ಕೈ ಹೊತ್ತು, ಹಿಂದಿನವರು ಬೆಳೆಸಿಟ್ಟ ತಾವು ಬೆಟ್ಟದಂತೆ ಎದುರಿಗೆ ನಿಂತಿರುವಾಗ ಒಡ್ಡಿಗೆ ಹಣ ಎಲ್ಲಿಂದ ತರಲಿ ಎಂದರು. ವಿರೋಧ ಪಕ್ಷದವರು ಅಂಕೋಲೆಯ ಬಸ್ ನಿಲ್ದಾಣದೆದುರು ತಮ್ಮನ್ನು ಜನರಿಗೆ ತಲೆಗಿಷ್ಟು ಸಾಲವೆಂದು ಹಂಚಿ, ಇನ್ನೂ ಹುಟ್ಟದ ಕೂಸಿನ ಹೆಸರಿಗೂ ಒಂದು ಭಾಗ ಬರೆದು ಕಣ್ಣೊರೆಸಿಕೊಂಡರು. ಅವರ ಬಳಿ ಹೋದರೆ, ಮುಂದಿನ ಸಲ ಆರಿಸಿ ಬಂದಲ್ಲಿ ಕಲ್ಲಿನ ಒಡ್ಡು, ಒಡ್ಡಿನ ಮೇಲೆ ಡಾಂಬರು ರಸ್ತೆ, ರಸ್ತೆಗೆ ಸಾಲುದೀಪ ಎಂದು ಮಾತು ಕೊಟ್ಟರು. ಆ ಹೊತ್ತಿನಲ್ಲಿ ತಾವು ಎಲ್ಲಿ ಅಡಗಿದ್ದಿರೋ ಕಾಣಲಿಲ್ಲ. ಹಿಂದೆ ಇವರಿಬ್ಬರ ಕುರ್ಚಿ ಅದಲುಬದಲಾಗಿದ್ದಾಗ ಭಾಷಣವೂ ಅದಲುಬದಲಾಗಿತ್ತೆಂದು ನಮ್ಮೂರಿನವರಿಗೆ ನೆನಪಿದೆ. ಕೇಳುವವರ ಮುಖ ನೋಡಿ ಮೈ ಹಿಗ್ಗಿಸಿ ಕುಗ್ಗಿಸುವ ಈ ವಿದ್ಯೆಯನ್ನು ತಾವು ಯಾವ ಗುರುಗಳಲ್ಲಿ ಕಲಿತಿರೋ, ಅವರಿಗೂ ನನ್ನ ನಮಸ್ಕಾರ ತಿಳಿಸಬೇಕು.

ನನ್ನ ಮಾವ ಹುಲಿಯಾ ಗೌಡರ ಸಂಗತಿ ಹೇಳದೆ ಇರಲಾರೆ. ಎಪ್ಪತ್ತು ದಾಟಿದ ಅವರು ತಲೆಗಿಷ್ಟು ಎಂಬ ಭಾಷಣ ಕೇಳಿ ಮನೆಗೆ ಬಂದವರೇ, ‘ನಾ ಯಾವಾಗ ತಕಂಡೆ?’ ಎಂದು ನನ್ನನ್ನು ಕೇಳಿ, ಊಟ ಸೇರದೆ ಎದ್ದುಬಿಟ್ಟರು. ನಮ್ಮಲ್ಲಿ ಗದ್ದೆಗಳ ನಡುವಿನ ನಮ್ಮದೇ ಸಣ್ಣ ಒಡ್ಡು ಒಡೆದರೆ ಊರವರೆಲ್ಲರ ಎದುರು ಒಂದೇ ಹಗ್ಗದಿಂದ ಅಳೆದು, ಮನೆಗಿಷ್ಟು ಮೊಳವೆಂದು ಹಂಚಿ, ಅಷ್ಟಕ್ಕೆ ಮಣ್ಣು ಹೊತ್ತು ತೀರಿಸುವುದು ರೂಢಿ. ಇದೂ ಹಾಗೆಯೇ ಎಂದುಕೊಂಡ ಮಾವ, ಮರುದಿನ ಗುದ್ದಲಿ ಬುಟ್ಟಿ ಹಿಡಿದು ಮೊದಲ ಬಸ್ಸಿಗೆ ತಾಲೂಕು ಕಚೇರಿಗೆ ಹೋಗಿ, ಸರಕಾರದ ಸಾಲದಲ್ಲಿ ತನ್ನ ಭಾಗದ ಮಣ್ಣು ಎಲ್ಲಿ ಹಾಕಬೇಕೆಂದು ವಿಚಾರಿಸಿದರು. ಅಲ್ಲಿಯ ಗುಮಾಸ್ತ ದತ್ತಾ ಒಳ್ಳೆಯವರು. ಚಹಾ ಕುಡಿಸಿ, ಇಂಥದ್ದನ್ನು ಜಮೆ ಮಾಡಿಕೊಳ್ಳುವ ಪುಸ್ತಕ ತಮ್ಮಲ್ಲಿಲ್ಲವೆಂದು ಕೈಮುಗಿದು ಕಳಿಸಿದರು. ಊರೆಲ್ಲ ನಕ್ಕಿತು. ನನಗೆ ಮಾತ್ರ ಸಿಟ್ಟು ಬಂತು, ಯಾಕೆಂದರೆ ಅಷ್ಟು ಭಾಷಣ ಮಾಡಿದವರಲ್ಲಿ, ಕೇಳಿದವರಲ್ಲಿ, ತೀರಿಸಬೇಕೆಂದು ಮನೆ ಬಿಟ್ಟು ಹೊರಟವರು ಅವರೊಬ್ಬರೇ.

ಆದ್ದರಿಂದ ತಾವು ಖುದ್ದಾಗಿ ಮಂಜಗುಣಿಗೆ ದಯಮಾಡಿಸಬೇಕೆಂದು ವಿನಂತಿ. ಭತ್ತ ತೂಗುವ ತಕ್ಕಡಿಯಲ್ಲಿ ತಮ್ಮನ್ನು ಕೂರಿಸಿ, ಇಬ್ಬರೂ ಮುಖಂಡರ ಎದುರು ಪಂಚನಾಮೆ ಬರೆಸುತ್ತೇವೆ. ತಾವು ನಿಜವಾಗಿಯೂ ಬೆಟ್ಟದಷ್ಟಿದ್ದರೆ ಬಹಳ ಒಳ್ಳೆಯದು, ಒಡೆದ ಜಾಗದಲ್ಲಿ ಒಂದು ಅಮಾವಾಸ್ಯೆಯ ಮಟ್ಟಿಗೆ ಅಡ್ಡ ಮಲಗಿಕೊಳ್ಳಿ, ನೀರು ನಿಲ್ಲುತ್ತದೆ. ಸಣ್ಣವರಾಗಿದ್ದರೆ ಸ್ವಲ್ಪ ಬದಿಗೆ ಸರಿದು ನಮ್ಮ ಅರ್ಜಿಗೆ ದಾರಿ ಬಿಡಿ. ಎರಡರಲ್ಲಿ ಯಾವುದಾದರೂ ನಮಗೆ ಒಪ್ಪಿಗೆ. ಭಾಷಣಕ್ಕೆ ಸಣ್ಣವರು, ಅರ್ಜಿಗೆ ದೊಡ್ಡವರು ಎಂಬುದೊಂದು ಬೇಡ. ಬಂದ ದಿನ ಕಗ್ಗದ ಅನ್ನ, ಸಿಗಡಿ ಸಾರಿನ ಊಟಕ್ಕೆ ಕೊರತೆ ಮಾಡುವುದಿಲ್ಲ. ಅಮಾವಾಸ್ಯೆಗೆ ಇನ್ನು ಆರೇ ದಿನ ಇರುವುದರಿಂದ ಬೇಗ ಹೊರಡಬೇಕು.

ತಮ್ಮನ್ನು ಒಮ್ಮೆಯೂ ಕಾಣದೆ ತಮ್ಮ ಭಾರ ಹೊತ್ತಿರುವ,
ತಮ್ಮ ವಿಶ್ವಾಸಿ,
ರುಕ್ಮಿಣಿ ಗೌಡ
ಮಂಜಗುಣಿ

ತಾ.ಕ.: ತಮ್ಮ ವಿಳಾಸ ಹುಡುಕುವಷ್ಟರಲ್ಲಿ ಅಮಾವಾಸ್ಯೆ ಹತ್ತಿರ ಬಂತು. ನಲವತ್ತು ಮನೆಯವರು ಕೂಲಿ ಬಿಟ್ಟು, ಮೂರು ದಿನ ಇಳಿತದ ಹೊತ್ತು ನೋಡಿ ಮಣ್ಣು ಹೊತ್ತು ಒಡ್ಡು ಮುಚ್ಚಿದೆವು, ಭತ್ತ ಉಳಿಯಿತು. ಕೆಲಸ ಸರಕಾರದ್ದಾಗಿದ್ದರಿಂದ ಆ ಒಂದು ಲಕ್ಷ ಎಂಬತ್ತು ಸಾವಿರವನ್ನು ನಾವು ಸರಕಾರಕ್ಕೆ ಕೊಟ್ಟ ಕೈಗಡವೆಂದು ಸಂಘದಲ್ಲಿ ಠರಾವು ಬರೆದಿದ್ದೇವೆ. ಇನ್ನು ಮುಂದೆ ಇಬ್ಬರೂ ಮುಖಂಡರು ಸಾಲವಾದ ತಮ್ಮ ಗಾತ್ರ ಹೇಳುವಾಗ ಇದನ್ನೂ ಕೂಡಿಸಿ ಹೇಳತಕ್ಕದ್ದು. ಬಡ್ಡಿ ಕೇಳುವುದಿಲ್ಲ, ಮತ ಕೇಳಲು ಬರುವಾಗ ಅಸಲು ತಂದರೆ ಸಾಕು.