ಯೀಸ್ಟ್ ಹಾಕದ ನನ್ನ ಬಿಯರ್

ಹೆಸರಿಲ್ಲದೆ ಕೆಲಸ ಮಾಡುವುದು ನನಗೆ ರೂಢಿ. ಇಪ್ಪತ್ತೆರಡು ವರ್ಷಗಳಿಂದ ದುಬೈನ ಒಂದು ಪತ್ರಿಕೆಯಲ್ಲಿ ಬೇರೆಯವರು ಬರೆದ ಸುದ್ದಿಯ ಕೈಕಾಲು ನೆಟ್ಟಗೆ ಮಾಡುತ್ತಿದ್ದೇನೆ. ಸುದ್ದಿ ಚೆನ್ನಾಗಿ ಬಂದರೆ ಮೇಲೆ ವರದಿಗಾರನ ಹೆಸರು. ತಪ್ಪಾದರೆ ಎರಡನೇ ಪುಟದಲ್ಲಿ ತಿದ್ದುಪಡಿ, ಅದನ್ನು ಬರೆಯುವವನು ನಾನು. ಇದರ ಬಗ್ಗೆ ನನ್ನ ದೂರೇನೂ ಇಲ್ಲ. ಆದರೆ ಅಡುಗೆಮನೆಯಲ್ಲೂ ಅದೇ ನಡೆದರೆ ಮನುಷ್ಯ ಎಷ್ಟು ಸಹಿಸಬೇಕು?

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಕಾಳಿನಿಂದಲೇ ಬಿಯರ್ ಮಾಡುವ ವಿದ್ಯೆಯ ಹುಚ್ಚು ನನಗೆ ಹಿಡಿದು ಒಂದು ವರ್ಷವಾಯಿತು. ಮನೆಯಲ್ಲಿ ಮದ್ಯ ತಯಾರಿಸುವುದು ಇಲ್ಲಿ ಅಪರಾಧ. ನಾನೋ ರಸ್ತೆ ಖಾಲಿಯಿದ್ದರೂ ಹಸಿರು ದೀಪಕ್ಕೆ ಕಾಯುವವನು. ಹಾಗಾಗಿ ಕೊನೆಯ ಹಂತವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾಡುತ್ತೇನೆ. ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನ ಸೋಫಾದಡಿ ಒದ್ದೆ ಬಟ್ಟೆಯಲ್ಲಿ ಬಾರ್ಲಿ ಮೊಳಕೆಯೊಡೆಯುತ್ತದೆ. ಅದನ್ನು ಓವನ್‌ನಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ತರಿಯಾಗಿ ಒಡೆದು, ಅರವತ್ತಾರು ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ, ಪಾತ್ರೆಗೆ ಕಂಬಳಿ ಹೊದಿಸಿ ಇಡಬೇಕು. ಆಮೇಲೆ ಸೋಸಿ ಕುದಿಸಿದರೆ ಜೇನಿನ ಬಣ್ಣದ ಸಿಹಿ ರಸ. ಯೀಸ್ಟ್ ಬಿದ್ದರೆ ಬಿಯರ್, ಬೀಳದಿದ್ದರೆ ಬಾರ್ಲಿ ಪಾನಕ. ಹೆಂಡತಿ ಲವೀನಾ ಕಂಬಳಿ ಕಂಡಾಗಲೆಲ್ಲ, ಪಾತ್ರೆಗೆ ಜ್ವರ ಇಳಿಯಿತಾ ಎಂದು ವಿಚಾರಿಸುತ್ತಾಳೆ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿರುವ ಗೆಳೆಯ ಶೆಟ್ಟಿಯ ಮಾತು ಇನ್ನೂ ಚುಚ್ಚುವಂಥದ್ದು: “ಯೀಸ್ಟ್ ಹಾಕದ ಬಿಯರ್ ಅಂದ್ರೆ ಮದುಮಗನಿಲ್ಲದ ಮದುವೆ ಮಾರಾಯ. ಊಟ ಉಂಟು, ವಾಲಗ ಉಂಟು, ಎಂತಕ್ಕೆ ಅಂತ ಯಾರಿಗೂ ಗೊತ್ತಿಲ್ಲ.”

ಆರು ಸಲ ರಸ ಗಂಜಿಯಾಯಿತು, ಸೀದುಹೋಯಿತು, ಒಮ್ಮೆ ಹುಳಿಯೂ ಬಂತು. ಏಳನೇ ಸಲ ತಿಳಿಯಾಗಿ ಬಂತು. ಬಾಟಲಿಗೆ ತುಂಬಿ, ಮೇಲೆ ಏಳು ಎಂದು ಬರೆದು ಫ್ರಿಜ್‌ನಲ್ಲಿಟ್ಟೆ. ಭಾನುವಾರದ ಊಟಕ್ಕೆ ಶೆಟ್ಟಿ ದಂಪತಿ ಬರುವವರಿದ್ದರು. ಶೆಟ್ಟಿಯ ಬಾಯಿಂದ ಒಂದೇ ಒಂದು “ಅಡ್ಡಿಯಿಲ್ಲ” ಹೊರಡಿಸುವುದು ನನ್ನ ಗುರಿ.

ಶನಿವಾರ ನಾನು ಕಚೇರಿಯಲ್ಲಿದ್ದೆ; ನಡೆದದ್ದು ಆಮೇಲೆ ತಿಳಿಯಿತು. ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ಬಂದಿದ್ದ ಅತ್ತೆ, ನಮ್ಮ ಕೊಂಕಣಿಯಲ್ಲಿ ಮಾಂಯ್, ಮನೆಯಲ್ಲಿದ್ದರು. ಸಾನ್ನ ನಮ್ಮ ಕಡೆಯ ಕ್ರಿಶ್ಚಿಯನ್ ಮನೆಗಳಲ್ಲಿ ಇಡ್ಲಿಯ ಅಕ್ಕನಿದ್ದ ಹಾಗೆ. ಊರಿನಲ್ಲಿ ಹಿಟ್ಟಿಗೆ ಶೇಂದಿ ಹಾಕಿ ಉಬ್ಬಿಸುತ್ತಾರೆ. ಇಲ್ಲಿ ಶೇಂದಿಯಿಲ್ಲದೆ ಸಾನ್ನ ಕಲ್ಲಾಗುತ್ತದೆಂದು ಅತ್ತೆ ಬಂದ ದಿನದಿಂದ ಕೊರಗುತ್ತಿದ್ದರು. ಫ್ರಿಜ್ ತೆರೆದರು, ಬಾಟಲಿ ಕಂಡರು, ಬೆರಳದ್ದಿ ರುಚಿ ನೋಡಿದರು. ಅಕ್ಕಿ ರುಬ್ಬಲು ನೀರಿನ ಬದಲು ಅದನ್ನೇ ಸುರಿದು, ಮೇಲೊಂದು ಚಮಚ ಯೀಸ್ಟ್ ಹಾಕಿದರು. ಒಂದು ವರ್ಷ ನಾನು ಮನಸ್ಸು ಬಿಗಿಹಿಡಿದು ಹಾಕದೆ ಬಿಟ್ಟ ಯೀಸ್ಟು!

ಭಾನುವಾರ ಖಾಲಿ ಬಾಟಲಿ ತೊಳೆದು ಬೋರಲು ಹಾಕಿದ್ದನ್ನು ನಾನು ಕಾಣುವಾಗ ಶೆಟ್ಟಿ ಆರನೇ ಸಾನ್ನವನ್ನು ಬಾಫತ್ ಎಂಬ ಮಾಂಸದ ಸಾರಿನಲ್ಲಿ ಅದ್ದುತ್ತಿದ್ದ. ಮೋಡದಂಥ ಸಾನ್ನ. ಇಂಥದ್ದನ್ನು ಊರಲ್ಲೂ ತಿಂದಿಲ್ಲ ಎಂದು ಅತ್ತೆಯನ್ನು ಹೊಗಳಿದ. ಅತ್ತೆ ವಿನಯದಿಂದ, ಎಲ್ಲ ದೇವರ ದಯೆ ಎಂದರು. ದೇವರಿಗೂ ಪಾಲು ಸಿಕ್ಕಿತು, ಬಾರ್ಲಿಗೆ ಸಿಗಲಿಲ್ಲ. ಶೆಟ್ಟಿ ದಂಪತಿ ಹೊರಟ ಮೇಲೆ ನಾನು ಅತ್ತೆಯಲ್ಲಿ ಸ್ಪಷ್ಟವಾಗಿ, ದನಿ ಏರಿಸದೆ, ತಿದ್ದುಪಡಿ ಕೇಳಿದೆ. ಆ ಬಾಟಲಿಯಲ್ಲಿ ಏನಿತ್ತೆಂದು ಶೆಟ್ಟಿ ಮನೆಗೆ ತಿಳಿಯಲೇಬೇಕು ಎಂದೆ.

“ಅದಕ್ಕೆಂತ ಪುತಾ? ಶೆಟ್ಟಿಯ ಹೆಂಡತಿ ಸಾನ್ನ ಹೇಗೆ ಮಾಡುದು ಅಂತ ಕೇಳ್ಲಿಕ್ಕೆ ಫೋನ್ ಮಾಡ್ತಾಳಂತೆ. ನೀನೇ ಹೇಳು,” ಎಂದರು ಅತ್ತೆ.

ಮರುದಿನವೇ ಫೋನ್ ಬಂತು. ಅತ್ತೆ ಸ್ಪೀಕರ್ ಹಾಕಿ ನನ್ನ ಕೈಗಿತ್ತರು. ಮೊಳಕೆಯಿಂದ ಶುರುಮಾಡಿ ಅರವತ್ತಾರು ಡಿಗ್ರಿಗೆ ಬಂದಿದ್ದೆ. ಶೆಟ್ಟಿಯ ಹೆಂಡತಿ ತಡೆದು, “ಓ, ಅಂದ್ರೆ ನೀವು ಮನೆಯಲ್ಲಿ ಬಿಯರ್ ಮಾಡುದಾ?” ಎಂದರು. ಯಾವ ಬಸ್ಸಿನಲ್ಲಿ ಕೂತಿದ್ದರೋ, ಹಿಂದೆ ಜನರ ಮಾತು ಕೇಳಿಸುತ್ತಿತ್ತು.

ಫೋನನ್ನು ಬಾಯಿಗೆ ಹತ್ತಿರ ಹಿಡಿದೆ. “ಛೆ ಛೆ, ಬಿಯರೂ ಇಲ್ಲ ಎಂತದೂ ಇಲ್ಲ,” ಎಂದೆ. “ಎಲ್ಲ ಮಾಂಯ್‌ಯ ಕೈಗುಣ.”

ಅತ್ತೆ ತಲೆದೂಗಿದರು. ಹೆಸರು ಹೇಳಲಿಚ್ಛಿಸದ ಮೂಲಗಳು ಎಂದು ವರದಿಗಳಲ್ಲಿ ದಿನಕ್ಕೆ ಹತ್ತು ಸಲ ಓದಿ, ಇಂಥ ಹೇಡಿಗಳು ಯಾರಪ್ಪಾ ಎಂದು ಹಲ್ಲು ಕಡಿದಿದ್ದೇನೆ. ಅಂದು ಅಂಥ ಒಬ್ಬನ ಪರಿಚಯವಾಯಿತು.