ಬಸುರಿಯ ಪಾತ್ರ ಯಾರಿಗೆ

ಮಗು ಐದು ದಿನದಿಂದ ಎದೆಹಾಲು ಕುಡಿಯುತ್ತಿರಲಿಲ್ಲ. ಮಂಗಳಮ್ಮನ ತಲೆಯಲ್ಲಿ ಬೆಳಗಿನಿಂದ ಇದೊಂದೇ ಮಾತು ಬೀಸುವ ಕಲ್ಲಿನ ಹಾಗೆ ತಿರುಗುತ್ತಿತ್ತು. ಗಂಟಲು ನೋವೇ, ಹೊಟ್ಟೆಯಲ್ಲಿ ಹುಳುವೇ, ಯಾರ ಕಣ್ಣಾದರೂ ಬಿತ್ತೇ? ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್‌ವರೆಗೆ ಓದಿದವಳು ಕಣ್ಣು ಬೀಳುವುದನ್ನೆಲ್ಲ ನಂಬಬಾರದು ಎಂದು ತನ್ನನ್ನು ತಾನೇ ಗದರಿಕೊಂಡು, ಮರುಗಳಿಗೆಯೇ ಅದನ್ನೇ ನಂಬುತ್ತಿದ್ದಳು. ಎದುರಿಗೆ ಚಾಪೆಯ ಮೇಲೆ ಅಂಗಾತ ಮಲಗಿದ್ದ ಆತಗೂರಿನ ಸೂಲಗಿತ್ತಿ ಅಂಕಮ್ಮ, ಅರವತ್ತು ದಾಟಿದ ಮುದುಕಿ, ತಾನು ಸುತರಾಂ ಕಿರುಚುವುದಿಲ್ಲವೆಂದು ಹಠ ಹಿಡಿದಿದ್ದಳು.

ಅಂಕಮ್ಮ: ಏಳು ಮಕ್ಳ ಎತ್ತಿವ್ನಿ ಕಣಮ್ಮಣ್ಣಿ. ಒಂದ್ ಕಿತವೂ ಬಾಯ್ ಬುಟ್ಟೋಳಲ್ಲ. ಈಗ ಸುಮ್‌ಸುಮ್ಕೆ ಕಿರುಚಿ ಮರ್ವಾದೆ ಕಳ್ಕೊಳ್ಳನಾ?

ಮಂಗಳಮ್ಮ: ಇದು ನಿಮ್ಮ ಹೆರಿಗೆ ಅಲ್ಲ ಅಂಕಮ್ಮ. ನೀವೀಗ ಹದಿನೆಂಟು ವರ್ಷದ ಹುಡುಗಿ. ಚೊಚ್ಚಲು. ತುಂಬ ಹೆದರಿದ್ದೀರಿ.

ಅಂಕಮ್ಮ: ಎದರೋದ್ಯಾಕೆ? ಬೂವಮ್ಮ ಪಕ್ಕದಾಗೇ ಅವ್ಳಲ್ಲ.

ಬೂವಮ್ಮ ಎಂದರೆ ಸರ್ವರ್ ಬೇಗಂ, ಮದ್ದೂರು ಪೇಟೆಯ ಸೂಲಗಿತ್ತಿ. ಈ ಹೊಗಳಿಕೆಗೆ ಅವಳು ಸೆರಗು ಸರಿಮಾಡಿಕೊಂಡು ಕೂತಳು.

ಮಂಡ್ಯದ ಲೇಡಿ ಡಾಕ್ಟರು ಹಳ್ಳಿಯ ಸೂಲಗಿತ್ತಿಯರಿಗೆ ಪಾಠ ಹೇಳಿಸುವ ಏರ್ಪಾಡು ಮಾಡಿ, ಮದ್ದೂರಿನ ಭಾಗವನ್ನು ಕಬ್ಬಿನ ಕಚೇರಿಯ ಗುಮಾಸ್ತ ಚಲುವರಾಜುವಿನ ಹೆಂಡತಿ ಮಂಗಳಮ್ಮನಿಗೆ ವಹಿಸಿದ್ದರು. ಜೊತೆಗೊಂದು ಕಾಗದವನ್ನೂ ಕಳಿಸಿದ್ದರು. ಬರಿಯ ಉಪನ್ಯಾಸ ಬೇಡ, ಆಡಿಸಿ ಕಲಿಸಿ; ಒಬ್ಬಳು ಬಸುರಿಯಾಗಲಿ, ಒಬ್ಬಳು ಸೂಲಗಿತ್ತಿಯಾಗಲಿ, ಒಬ್ಬಳು ನೋಡುತ್ತ ಕೂರಲಿ; ಆಮೇಲೆ ಮೂವರೂ ಕೂತು ಮಾತಾಡಲಿ; ಪಾತ್ರಗಳನ್ನು ಅದಲುಬದಲು ಮಾಡುತ್ತಿರಿ. ಅವರು ಕಲಿಯಬೇಕಾದದ್ದು ಇಷ್ಟೇ: ಬಸುರಿಯನ್ನು ಎಲ್ಲ ಕೇಳಿ ತಿಳಿಯಬೇಕು, ಅನುಮಾನ ಬಂದರೆ ಕಾಯದೆ ಅಂಚೆ ಕಚೇರಿಯಿಂದ ನನಗೆ ಫೋನು ಮಾಡಿಸಬೇಕು. ಶನಿವಾರ ಡಾಕ್ಟರೇ ಬಂದು ಪರೀಕ್ಷೆ ಮಾಡುವವರಿದ್ದರು. ಇವತ್ತು ಗುರುವಾರ.

ಮಂಗಳಮ್ಮನ ಮನೆಯ ಪಡಸಾಲೆಯ ಮೂಲೆಯಲ್ಲಿ ಅವಳ ಹತ್ತು ತಿಂಗಳ ಮಗು ಅಂಬೆಗಾಲಿಡುತ್ತಿತ್ತು. ಮಂಗಳಮ್ಮ ಅದರ ಕಡೆಗೊಮ್ಮೆ ನೋಡಿದಳು. ಈ ಇಬ್ಬರನ್ನೇ ಕೇಳಿಬಿಡಲೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಕಲಿಸಲು ಹೊರಟವಳು ಕಲಿಯುವವರನ್ನು ಕೇಳುವುದು ಹೇಗೆ ಎಂದು ನುಂಗಿಕೊಂಡಳು.

ಮಂಗಳಮ್ಮ: ಸರಿ, ಕಿರುಚಬೇಡಿ. ನೋವು ಶುರುವಾಗಿದೆ ಅನ್ನಿ, ಸಾಕು.

ಅಂಕಮ್ಮ: ಸುರುವಾಯ್ತು. ಆಯ್ತು ಬುಡಿ. ಗಂಡು.

ಸರ್ವರ್ ಬೇಗಂ: ಗಂಡಾ? ಹಾಗಾದ್ರೆ ನನಗೆ ಸೀರೆ ಬರ್ಬೇಕು.

ಅಂಕಮ್ಮ: ಸೀರೆಗೂ ರೇಸನ್ ಚೀಟಿ ಮಡಗವ್ರೆ ಈ ಯುದ್ದದಾಗೆ. ಒಂದ್ ಕುಪ್ಪುಸದ ಬಟ್ಟೆ ಇಸ್ಕೊ, ಓಗು.

ಸೀರೆಯೋ ಕುಪ್ಪಸವೋ ಎಂದು ಇಬ್ಬರೂ ಸ್ವಲ್ಪ ಹೊತ್ತು ಚೌಕಾಶಿ ನಡೆಸಿದರು. ಸುಖಪ್ರಸವವಾದರೆ ಪಾಠಕ್ಕೇನೂ ಉಳಿಯುವುದಿಲ್ಲ, ಕಷ್ಟ ಬಂದಾಗ ಏನು ಮಾಡಬೇಕೆಂದು ಕಲಿಯುವುದಕ್ಕೇ ಈ ಆಟ ಎಂದು ಮಂಗಳಮ್ಮ ಬಿಡಿಸಿ ಹೇಳಿದಳು. ಹುಟ್ಟಿದ ಗಂಡುಮಗುವನ್ನು ವಾಪಸು ಕಳಿಸಲು ಅಂಕಮ್ಮನಿಗೆ ಮನಸ್ಸಿರಲಿಲ್ಲ. ಆದರೂ ಮತ್ತೆ ಮಲಗಿದಳು.

ಮಂಗಳಮ್ಮ: ಈಗ ನಿಮಗೆ ಎಂಟು ತಿಂಗಳು. ಕಾಲು ಊದಿದೆ.

ಅಂಕಮ್ಮ: ಬುಡ್ತು ಅನ್ನಿ.

ಮಂಗಳಮ್ಮ: ಇದು ಆಟ ಅಂಕಮ್ಮ.

ಸರ್ವರ್ ಬೇಗಂ: ಆಟಕ್ಕೂ ಬಾಯಲ್ಲಿ ಬಂತಲ್ಲ ಬೇಟಿ. ಬಿಡ್ತು ಅಂದ್ಬಿಡು, ಏನ್ ಗಂಟು ಹೋಗ್ತದೆ?

ಮಂಗಳಮ್ಮ: ಬಿಡ್ತು. ಈಗ ತಲೆ ಸಿಡೀತಿದೆ, ಕಣ್ಣು ಮಂಜಾಗಿದೆ.

ಅಂಕಮ್ಮ: ಬುಡ್ತು ಅನ್ನಿ, ಬುಡ್ತು ಅನ್ನಿ. ಎರಡಕ್ಕೂ ಬ್ಯಾರೆ ಬ್ಯಾರೆ.

ಮಂಗಳಮ್ಮ ಎರಡು ಸಲ ಬಿಡ್ತು ಅಂದು, ಸೂಲಗಿತ್ತಿ ಪಾತ್ರದವಳು ಈಗ ಏನು ಮಾಡಬೇಕೆಂದು ಕೇಳಿದಳು.

ಸರ್ವರ್ ಬೇಗಂ: ಏನೂ ಮಾಡ್ಬೇಕಿಲ್ಲ. ಕಾಲು ಊದಿತ್ತು, ಬಿಡ್ತು. ತಲೆ ಸಿಡೀತಿತ್ತು, ಅದೂ ಬಿಡ್ತು. ಹುಡುಗಿ ಹುಷಾರಾಗವ್ಳೆ.

ಅಂಕಮ್ಮ: ಎದ್ದು ಮುದ್ದೆ ಉಣ್ಣನಾ?

ಹೀಗೆ ನಾಲ್ಕು ಸಲ ಕಾಯಿಲೆ ಬಂದು ನಾಲ್ಕು ಸಲವೂ ವಾಸಿಯಾಯಿತು. ಶನಿವಾರ ಡಾಕ್ಟರ ಮುಂದೆ ಇದೇ ನಾಟಕ ನಡೆದರೆ ತನ್ನ ಗತಿಯೇನೆಂದು ಮಂಗಳಮ್ಮ ಹಣೆ ಹಿಡಿದುಕೊಂಡು ಕೂತಳು. ಸರ್ವರ್ ಬೇಗಂಗೆ ಪಾಪ ಅನ್ನಿಸಿತು.

ಸರ್ವರ್ ಬೇಗಂ: ನೋಡು ಬೇಟಿ, ಕಾಯಿಲೆ ನೀನು ಹೇಳೋದು, ಬಿಡ್ತು ಅನ್ನಿಸೋದು ನಾವು, ಇದು ಮುಗಿಯೋ ಮಾತಲ್ಲ. ಯಾವ ಮನೇಲೂ ಬಸುರಿ ಇಂಥದಾಗಿದೆ ಅಂತ ತಾನಾಗಿ ಹೇಳಲ್ಲ. ಕೇಳೋದು ನಮ್ ಕೆಲಸ. ನೀನು ಮಲ್ಕೊ, ನಾವು ಕೇಳ್ತೀವಿ.

ಕಾಗದದಲ್ಲೂ ಅದಲುಬದಲು ಎಂದೇ ಇತ್ತು. ಮಂಗಳಮ್ಮ ಚಾಪೆಯ ಮೇಲೆ ಒರಗಿದಳು. ತಾನು ಎಲ್ಲವನ್ನೂ ಮುಚ್ಚಿಡುವ ಸೊಸೆ, ಚೊಚ್ಚಲು, ಬಾಯಿ ಬಿಡಿಸುವುದು ನಿಮಗೆ ಬಿಟ್ಟದ್ದು ಎಂದು ಕಟ್ಟಳೆ ಹಾಕಿದಳು. ಅಂಕಮ್ಮ ಅವಳ ಕೈ ಹಿಡಿದು ಕೂತಳು. ಅಲ್ಲಿಯವರೆಗಿನ ತುಂಟತನವೆಲ್ಲ ಆ ಮುಖದಿಂದ ಇಳಿದುಹೋಗಿ, ನೂರಾರು ಮನೆಗಳ ಒಳಕೋಣೆ ಕಂಡ ಮುಖವೊಂದು ಉಳಿಯಿತು.

ಅಂಕಮ್ಮ: ಊಟ ಸೇರ್ತದಾ ಮಗಾ?

ಏನು ಹೇಳುವುದೆಂದು ಮಂಗಳಮ್ಮ ಮೊದಲೇ ಯೋಚಿಸಿಕೊಂಡಿರಲಿಲ್ಲ. ಕೈಗೆ ಹತ್ತಿರವಿದ್ದದ್ದನ್ನು ಎತ್ತಿ ಕೊಟ್ಟಳು.

ಮಂಗಳಮ್ಮ: ಒಗ್ಗರಣೆ ವಾಸನೆ ಬಂದರೆ ಹೊಟ್ಟೆ ತೊಳಸುತ್ತೆ.

ಸರ್ವರ್ ಬೇಗಂ: ನಿದ್ದೆ?

ಮಂಗಳಮ್ಮ: ಹಗಲೆಲ್ಲ ಕೂತಲ್ಲೇ ತೂಕಡಿಕೆ. ನಿನ್ನೆ ಅಕ್ಕಿ ಆರಿಸ್ತಾ ಮೊರದ ಮೇಲೇ ಮಲಗಿಬಿಟ್ಟಿದ್ದೆ.

ಅಂಕಮ್ಮ: ಒರಗಾಗಿ ಎಸ್ಟ್ ತಿಂಗ್ಳಾಯ್ತು?

ಮಂಗಳಮ್ಮ: ಮಗು ಹುಟ್ಟಿದ ಮೇಲೆ ಆಗೇ ಇಲ್ಲ. ಹಾಲೂಡಿಸೋವಾಗ ಆಗಲ್ಲ, ಆಗೋವರೆಗೂ ಬಸುರಿನ ಭಯವೂ ಇಲ್ಲ ಅಂತ ಪುಸ್ತಕದಲ್ಲಿದೆ.

ಸೂಲಗಿತ್ತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸರ್ವರ್ ಬೇಗಂ: ಚೊಚ್ಚಲು ಅಂದ್ಯಲ್ಲ ಬೇಟಿ. ಈ ಮಗು ಎಲ್ಲಿಂದ ಬಂತು?

ಮಂಗಳಮ್ಮ: ಅದು… ಪಾತ್ರದ್ದು.

ಅಂಕಮ್ಮ: ಪಾತ್ರದ ಮಗ ಆಲು ಕುಡೀತದಾ?

ಮಂಗಳಮ್ಮ ಸೂರು ನೋಡಿದಳು. ಐದು ದಿನದಿಂದ ಗಟ್ಟಿಯಾಗಿ ಹಿಡಿದಿಟ್ಟದ್ದು ಸಣ್ಣ ದನಿಯಲ್ಲಿ ಹೊರಗೆ ಬಂತು. ಇಲ್ಲ, ಬಾಯಿಟ್ಟು ಥಟ್ಟನೆ ಮುಖ ತಿರುಗಿಸುತ್ತದೆ, ಗಂಟಲಿಗೆ ಏನಾಗಿದೆಯೋ ಗೊತ್ತಿಲ್ಲ, ಹೇಗೆ ಬದುಕುತ್ತದೋ ಎಂದಳು. ಅಂಕಮ್ಮ ಎದ್ದು ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. ತನ್ನ ಬುತ್ತಿಯ ಮುದ್ದೆಯಲ್ಲಿ ಒಂದು ಚೂರು ಕಿತ್ತು ಸಾರಿನಲ್ಲಿ ಮಿದ್ದು ಬಾಯಿಗಿಟ್ಟಳು. ಮಗು ಚಪ್ಪರಿಸಿ ನುಂಗಿ, ಇನ್ನೂ ಬೇಕೆಂದು ಅವಳ ಬೆರಳನ್ನೇ ಕಚ್ಚಿತು.

ಅಂಕಮ್ಮ: ಗಂಟ್ಲೂ ಸರಿಯಾಗೈತೆ, ಕಚ್ಚಾಕೆ ಅಲ್ಲೂ ಸರಿಯಾಗೈತೆ. ನಿಮ್ ಆಲಿನ ರುಚಿ ಕೆಟ್ಟೈತೆ, ಅಷ್ಟೆ. ಬಸುರಿ ಆಲು ಕೂಸಿಗೆ ಒಗ್ಗಾಕಿಲ್ಲ ಕಣಮ್ಮಣ್ಣಿ.

ಮಂಗಳಮ್ಮ: ಬಿಡ್ತು ಅನ್ನಿ.

ಸರ್ವರ್ ಬೇಗಂ: ತೋಬಾ, ಒಳ್ಳೇ ಸುದ್ದಿಗೆ ಹಾಗನ್ಬಾರ್ದು.

ಮಂಗಳಮ್ಮ ಎದ್ದು ಕೂತಳು. ಇದು ಆಟ, ನಾನು ಹೇಳಿದ್ದೆಲ್ಲ ಪಾತ್ರದ ಮಾತು ಎಂದು ವಾದಿಸಿದಳು. ಹಾಗಾದರೆ ಮೊರದ ಮೇಲೆ ಮಲಗಿದ ಪಾತ್ರದ ಕೆನ್ನೆಯಲ್ಲಿ ಇನ್ನೂ ಬಿದಿರಿನ ಗೆರೆ ಯಾಕಿದೆ ಎಂದು ಸರ್ವರ್ ಬೇಗಂ ಕೇಳಿದಳು. ಗೆರೆ ನಿನ್ನೆಯೇ ಮಾಸಿತ್ತು. ಆದರೆ ಮಂಗಳಮ್ಮ ಕೆನ್ನೆ ಮುಟ್ಟಿ ನೋಡಿಕೊಂಡುಬಿಟ್ಟಳು. ಅಲ್ಲಿಗೆ ವಾದ ಮುಗಿಯಿತು. ಮಗುವಿಗೆ ಏನೂ ಆಗಿಲ್ಲವೆಂಬ ನೆಮ್ಮದಿಗೆ ಅವಳ ಕಣ್ಣು ತುಂಬಿತು. ತನಗೇನೋ ಆಗಿದೆಯೆಂಬ ಗಾಬರಿಗೆ ಆ ನೀರು ಇಂಗಿಯೂ ಹೋಯಿತು.

ಸರ್ವರ್ ಬೇಗಂ: ಕಾಗದದಲ್ಲಿ ಏನಿತ್ತು? ಅನುಮಾನ ಬಂದ್ರೆ ಫೋನು.

ಮಂಗಳಮ್ಮ: ಶನಿವಾರ ಅವರೇ ಬರ್ತಾರಲ್ಲ. ಅಷ್ಟರಲ್ಲಿ ಏನು ಮುಳುಗುತ್ತೆ? ನೋಡೋಣ ಬಿಡಿ.

ಅಂಕಮ್ಮ: ಬಸುರೀರ ಅತ್ತೇರು ಇಂಗೇ ಅಂತಾರೆ, ಅವ್ರ ಮಾತು ಕೇಳ್ಬೇಡಿ ಅಂತ ಯೋಳ್ಕೊಟ್ಟೋರು ಯಾರು? ಏಳಿ ಮ್ಯಾಕೆ.

ಆ ಡಾಕ್ಟರಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಮಂಗಳಮ್ಮ ಗೋಗರೆದಳು. ಫೋನಿನಲ್ಲಿ ಮುಖ ಕಾಣುವುದಿಲ್ಲವಂತಲ್ಲ ಎಂದಳು ಅಂಕಮ್ಮ. ಮಗುವನ್ನು ಒಬ್ಬಳು ಕಂಕುಳಿಗೆ ಹಾಕಿಕೊಂಡು, ಮಗುವಿನ ತಾಯಿಯನ್ನು ಇನ್ನೊಬ್ಬಳು ರಟ್ಟೆ ಹಿಡಿದುಕೊಂಡು, ಪಕ್ಕದ ಅಂಚೆ ಕಚೇರಿಗೆ ಹೊರಟರು. ಅರ್ಧ ಗಂಟೆ ಕಾದ ಮೇಲೆ ಮಂಡ್ಯ ಸಿಕ್ಕಿತು. ಮಂಗಳಮ್ಮ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು ಗೋಡೆಯ ಕಡೆಗೆ ತಿರುಗಿ ನಿಂತಳು.

ಮಂಗಳಮ್ಮ: ಡಾಕ್ಟ್ರೇ, ಮದ್ದೂರಿಂದ ಮಂಗಳ. ಇಲ್ಲೊಬ್ಬ ಹೆಂಗಸು… ಹತ್ತು ತಿಂಗಳ ಕೂಸಿದೆ, ಹಾಲು ಬಿಟ್ಟಿದೆ. ಮತ್ತೆ ಬಸುರಿ ಇರಬಹುದು ಅಂತ ಅನುಮಾನ.

ಡಾಕ್ಟರು: ಅನುಮಾನ ಪಟ್ಟವರು ಯಾರು?

ಮಂಗಳಮ್ಮ: ಅಂಕಮ್ಮ, ಸರ್ವರ್ ಬೇಗಂ. ಒಂದೊಂದೇ ಕೇಳಿ ಬಾಯಿ ಬಿಡಿಸಿದರು. ಫೋನು ಮಾಡು ಅಂತ ಹಿಡಿದೂ ತಂದರು.

ಡಾಕ್ಟರು: ಭೇಷ್. ಅವರಿಗೆ ಇನ್ನು ಪರೀಕ್ಷೆಯೇ ಬೇಡ, ಪಾಸು ಅಂತ ಹೇಳಿ. ಆ ಹೆಂಗಸನ್ನ ಶನಿವಾರ ನಾನೇ ನೋಡ್ತೀನಿ. ಅಲ್ಲ ಮಂಗಳಮ್ಮ, ಹೋದ ತಿಂಗಳು ಆತಗೂರಲ್ಲಿ ಮಗುವಿಗೂ ಮಗುವಿಗೂ ಮೂರು ವರ್ಷ ಅಂತರ ಇರಲಿ ಅಂತ ಒಂದು ಗಂಟೆ ಭಾಷಣ ಆಯ್ತಲ್ಲ. ಆ ಹೆಂಗಸು ಅವತ್ತು ಬಂದಿರಲಿಲ್ವೆ?

ಮಂಗಳಮ್ಮ ಹಿಂತಿರುಗಿ ನೋಡಿದಳು. ಸೂಲಗಿತ್ತಿಯರಿಬ್ಬರೂ ಬಾಗಿಲಲ್ಲೇ ನಿಂತಿದ್ದರು, ಓಡಲು ದಾರಿಯಿರಲಿಲ್ಲ.

ಮಂಗಳಮ್ಮ: ಬಂದಿದ್ದಳು ಡಾಕ್ಟ್ರೇ. ಭಾಷಣ ಮಾಡಿದ್ದೇ ಅವಳು.