ಶೇವಂತಿಯ ದುಭಾಷಿ

ಜಮಖಂಡಿಯ ಕೋರ್ಟಿನಲ್ಲಿ ಟೈಪಿಸ್ಟನಾಗಿದ್ದ ಶ್ರೀಧರನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ಇಡೀ ಓಣಿ ನಂಬಿತ್ತು. ವರ್ಷಗಳಿಂದ ಅವನು ಕೀಲಿಮಣೆ ನೋಡದೆಯೇ ಪುಟಗಟ್ಟಲೆ ಇಂಗ್ಲಿಷ್ ಕುಟ್ಟುತ್ತಿದ್ದದ್ದು ನಿಜ. ಆದರೆ ಕುಟ್ಟಿದ್ದರ ಅರ್ಥವನ್ನು ಅವನಿಗೆ ಕೇಳುವುದೂ ಒಂದೇ, ಮುಚ್ಚಿದ ಲಕೋಟೆಯೊಳಗಿನ ಸುದ್ದಿಯನ್ನು ಪೋಸ್ಟ್‌ಮನ್‌ಗೆ ಕೇಳುವುದೂ ಒಂದೇ. ಈ ಗುಟ್ಟು ಹೆಂಡತಿ ರಸಿಕಾಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ರವಿವಾರ ಅವಳು ಹಾಗೆ ಬಾಯಿ ಹಾಕುತ್ತಿರಲಿಲ್ಲ.

ಬೆಳಿಗ್ಗೆ ಚಹಾದ ಹೊತ್ತಿಗೆ ತುಳಸಾಬಾಯಿ ಬಂದರು. ಊರಾಚೆ ಅನಾಥ ಮಕ್ಕಳ ಆಶ್ರಮ ನಡೆಸುವ ಹಿರಿಯ ಹೆಂಗಸು. ಅಲ್ಲಿಯ ಏಳು ವರ್ಷದ ಶೇವಂತಿಯನ್ನು ದತ್ತು ತೆಗೆದುಕೊಳ್ಳಲು ಇಟಲಿಯ ಗಂಡಹೆಂಡತಿ ಅವತ್ತೇ ಬರುವವರಿದ್ದರು. ಅವರ ಮನೆಯ ತಪಾಸಣೆ, ದಿಲ್ಲಿಯ ಒಪ್ಪಿಗೆ, ಕೋರ್ಟಿನ ಆದೇಶ, ಹುಡುಗಿಯ ಪಾಸ್‌ಪೋರ್ಟು ಎಂದು ಎರಡು ವರ್ಷ ಅಲೆದಾಡಿ ಎಲ್ಲ ಮುಗಿದಿತ್ತು. ಈಗ ನೋಡಿದರೆ ಬಾಗಲಕೋಟೆಯಿಂದ ಬರಬೇಕಾದ ದುಭಾಷಿಗೆ ಚಿಕುನ್‌ಗುನ್ಯಾ.

"ಸರಕಾರ ಹೂಂ ಅಂದದ, ಕೋರ್ಟು ಹೂಂ ಅಂದದ. ಇನ್ನ ಆ ಕೂಸು ಹೂಂ ಅನ್ನಬೇಕು. ಆಕಿ ಮನಸಿಲ್ಲದ ನಾ ಗಾಡಿ ಹತ್ತಸಾಕಿ ಅಲ್ಲ," ಎಂದರು ತುಳಸಾಬಾಯಿ. "ನಡುವ ಮಾತು ದಾಟಸಲಿಕ್ಕೆ ಯಾರರೆ ಬೇಕಲ್ಲಪಾ?"

ಶ್ರೀಧರ ಬಾಯಿ ತೆರೆಯುವ ಮೊದಲೇ ರಸಿಕಾ, "ನಮ್ಮವರು ಇರೂತನಾ ನಿಮಗ್ಯಾಕ ಚಿಂತಿ ಮಾವಶಿ?" ಎಂದುಬಿಟ್ಟಳು.

ಕಂಪೌಂಡಿನ ಮೇಲಿಂದ ಪಕ್ಕದ ಮನೆಯ ಮಲಕಾಜಪ್ಪನ ತಲೆ ಕಾಣಿಸಿಕೊಂಡಿತು. ನಿವೃತ್ತ ಬಸ್ ಕಂಡಕ್ಟರ್. "ಸಾಹೇಬ್ರ, ಮೂಗಿನಾಗ ಮಾತಾಡ್ರಿ. ನಾ ಗೋವಾ ಗಾಡಿ ಮ್ಯಾಲ ಇದ್ದಾಗ ಭಾಳ ಫಾರಿನ್ ಮಂದಿ ನೋಡೇನಿ. ಬಾಯಿ ಪೂರಾ ತೆರದ್ರ ಅವರಿಗೆ ತಿಳಿಯಂಗಿಲ್ಲ."

"ಯಾಕೋ ಹೊಟ್ಟಿ ಕಡೀಲಿಕತ್ತದ," ಎಂದು ಶ್ರೀಧರ ಕೊನೆಯ ಅಸ್ತ್ರ ಬಿಟ್ಟ. ಎದುರು ಮನೆಯ ಮಾಯವ್ವ ಓಡಿಬಂದು ಒಂದು ಹಿಡಿ ಅಜವಾನ ಅವನ ಬಾಯಿಗೆ ತುರುಕಿದಳು. ತುರುಕಿ, "ಥಂಡಿ ದೇಶ ಅಂತ. ಹುಡಿಗಿಗೆ ಸ್ವೆಟರ್ ಹಾಕ್ತಾರಿಲ್ಲ, ಅದನ್ನೊಂದು ಇಂಗ್ಲಿಷ್‌ನ್ಯಾಗ ಕೇಳಪಾ," ಎಂದಳು. ಇಷ್ಟೇ ಸಾಲದೆಂದು ಅವಳೂ ಮಲಕಾಜಪ್ಪನೂ ರಸಿಕಾಳೊಂದಿಗೆ ಟಂಟಂ ರಿಕ್ಷಾ ಏರಿ ಕುಳಿತರು. ಶ್ರೀಧರನ ಪರಾಕ್ರಮ ನೋಡಬೇಕಲ್ಲ!

ಆಶ್ರಮದ ಪಡಸಾಲೆಯಲ್ಲಿ ಇಟಲಿಯವರು ಎದುರು ಬಂದು ನಿಂತಾಗ ಶ್ರೀಧರ ಅಂಗಿಯ ಗುಂಡಿಯನ್ನು ಕತ್ತಿನ ತನಕ ಹಾಕಿಕೊಂಡ. ಹೆಂಡತಿ ಲೂಚಿಯಾ, ಗಂಡ ಮಾರ್ಕೊ. ಎಲ್ಲರ ಕಣ್ಣೂ ತನ್ನ ಮೇಲೆ. ಬೆರಳಿಗೆ ಬರುತ್ತಿದ್ದದ್ದು ಕಂಗಾಲಾಗಿ ಬಾಯಿಗೆ ಬಂತು.

"ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್," ಎಂದ ಮೂಗಿನಲ್ಲೇ, "ದಿ ಪಾರ್ಟೀಸ್ ಆರ್ ಹಿಯರ್‌ಬೈ ಡೈರೆಕ್ಟೆಡ್ ಟು ಸಿಟ್!"

ಗಂಡಹೆಂಡತಿ ಮುಖ ಮುಖ ನೋಡಿಕೊಂಡು ಕುಳಿತರು.

"ಅಂದ ಕೂಡ್ಲೆ ಕುಂತ್ರು ನೋಡ್ರಿ!" ಎಂದ ಮಲಕಾಜಪ್ಪ.

ಇನ್ನೊಂದು ವಾಕ್ಯ ಎಲ್ಲಿಂದ ತರುವುದೆಂದು ಶ್ರೀಧರ ಬೆವರುತ್ತಿರುವಾಗ ಲೂಚಿಯಾ ಕೈಮುಗಿದಳು. "ನಮಸ್ಕಾರ ಮಹಾಶಯರೇ. ತಾವೆಲ್ಲರೂ ಕುಶಲವೇ? ನಮ್ಮ ನಗರದಲ್ಲಿ ನೆಲೆಸಿರುವ ಮೈಸೂರಿನ ವೃದ್ಧ ಪಂಡಿತರೊಬ್ಬರಿಂದ ನಾನು ಕನ್ನಡವನ್ನು ಅಭ್ಯಸಿಸಿದ್ದೇನೆ. ನನ್ನ ಪತಿಗೆ ಮಾತ್ರ ಒಂದೇ ಪದ ಬರುತ್ತದೆ."

"ಹೌದು," ಎಂದ ಮಾರ್ಕೊ.

ಶ್ರೀಧರನಿಗೆ ಆಕೆಯ ಕಾಲಿಗೆ ಬೀಳೋಣವೆನಿಸಿತು. ತನ್ನ ಕೆಲಸ ಮುಗಿಯಿತೆಂದು ಎದ್ದೂಬಿಟ್ಟ. ಅಷ್ಟರಲ್ಲಿ ಲೂಚಿಯಾ ಕಂಬ ತಬ್ಬಿ ನಿಂತಿದ್ದ ಶೇವಂತಿಯ ಕಡೆ ತಿರುಗಿ, "ಪ್ರಿಯ ಬಾಲಿಕೆ, ನಿನ್ನ ದರ್ಶನದಿಂದ ನನ್ನ ಹೃದಯ ಪುಳಕಿತವಾಗಿದೆ," ಎಂದಳು.

ಶೇವಂತಿ ಶ್ರೀಧರನ ಅಂಗಿ ಜಗ್ಗಿದಳು. "ಕಾಕಾ, ಈಕಿ ಯಾವ ಭಾಷಾದಾಗ ಮಾತಾಡಾಕತ್ತಾಳ?"

ಶ್ರೀಧರ ಮತ್ತೆ ಕುಳಿತ. "ನಿನ್ನ ನೋಡಿ ಭಾಳ ಖುಷಿ ಆತಂತ," ಎಂದ. ಹೀಗೆ ಕನ್ನಡದಿಂದ ಕನ್ನಡಕ್ಕೆ ದುಭಾಷಿತನ ಶುರುವಾಯಿತು.

"ಅವರ ಊರಾಗ ಎಮ್ಮಿ ಅದಾವೇನು ಕೇಳು," ಎಂದಳು ಶೇವಂತಿ. ಆಶ್ರಮದ ಎಮ್ಮೆಗೆ ಮೇವು ಹಾಕುವವಳು ಅವಳೇ.

"ಮಹಿಷಿಗಳು ಇವೆಯೇ ಎಂದು ಕೇಳುತ್ತಿದ್ದಾಳೆ."

"ಓ! ಮಹಿಷಿಗಳ ಹಿಂಡೇ ಇದೆ! ಅವುಗಳ ಹಾಲಿನ ಗಿಣ್ಣನ್ನು ನಾವು ಪ್ರತಿದಿನ ಸೇವಿಸುತ್ತೇವೆ."

"ದಿನಾ ಗಿಣ್ಣ ತಿಂತಾರಂತ," ಎಂದ ಶ್ರೀಧರ, ಅದು ಚೀಸಿಗೆ ಪಂಡಿತರು ಕಲಿಸಿದ ಪದವೆಂದು ತಿಳಿಯದೆ. ಶೇವಂತಿಯ ಕಣ್ಣು ಅಗಲವಾದವು. ಮಾಯವ್ವ ಮಾತ್ರ ತಡೆಯಲಾರದೆ, "ಅಯ್ಯ, ಆ ಊರಾಗ ದಿನಾ ಎಮ್ಮಿ ಈಯತಾವೇನು?" ಎಂದಳು.

"ಹೌದು," ಎಂದ ಮಾರ್ಕೊ.

"ಈಕಿಗೆ ರೊಟ್ಟಿ ಬಡ್ಯಾಕ ಬರ್ತೇತೇನು?" ಇದು ಶೇವಂತಿಯ ಮುಂದಿನ ಪ್ರಶ್ನೆ.

'ರೊಟ್ಟಿ', 'ಬಡಿ', ಎರಡೂ ಲೂಚಿಯಾಗೆ ನೇರ ಅರ್ಥವಾದವು. ಆಕೆ ಗಾಬರಿಯಾದಳು. "ರೊಟ್ಟಿಯನ್ನು ಏಕೆ ಬಡಿಯಬೇಕು? ಅದು ಯಾವ ಅಪರಾಧ ಮಾಡಿದೆ?"

ರೊಟ್ಟಿ ನಿರಪರಾಧಿಯೆಂದೂ, ಬಡಿಯುವುದೆಂದರೆ ತಟ್ಟುವುದೆಂದೂ ಶ್ರೀಧರ ಕೈಯಾಡಿಸಿ ತಿಳಿಸಿದ. "ಖಂಡಿತ ಕಲಿಯುವೆ," ಎಂದಳು ಆಕೆ. ಸ್ವೆಟರಿನ ಪ್ರಶ್ನೆಯೂ ಬಂದು ಹೋಯಿತು. ಶೇವಂತಿ ಕಂಬ ಬಿಟ್ಟು ಒಂದೊಂದೇ ಹೆಜ್ಜೆ ಸರಿದು ಬರುತ್ತಿದ್ದಳು. ಬಂದವಳು ಇದ್ದಕ್ಕಿದ್ದಂತೆ ನಿಂತು, ನೆಲ ನೋಡುತ್ತ ಸಣ್ಣ ದನಿಯಲ್ಲಿ ಕೇಳಿದಳು.

"ಮುಂದ ನಾ ಬ್ಯಾಡಾದ್ರ, ತಿರಗಿ ತಂದು ಬಿಡ್ತಾಳೇನು ಕಾಕಾ?"

ಈ ಮಾತಿಗೆ ಶ್ರೀಧರನಲ್ಲಿ ಯಾವ ಕನ್ನಡವೂ ಇರಲಿಲ್ಲ. ತುಳಸಾಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಆದರೆ ಲೂಚಿಯಾ ಯಾರಿಗೂ ಕಾಯಲಿಲ್ಲ. ಹುಡುಗಿಯ ಮುಂದೆ ಮೊಣಕಾಲೂರಿ ಕುಳಿತು, ಅಷ್ಟು ಹೊತ್ತಿನಿಂದ ಕಿವಿಗೊಟ್ಟು ಹೆಕ್ಕಿಕೊಂಡ ಮಾತನ್ನು ತಡವರಿಸುತ್ತ ಜೋಡಿಸಿದಳು.

"ಇಲ್ಲ. ಬಿಡಂಗಿಲ್ಲ. ಎಂದೂ ಬಿಡಂಗಿಲ್ಲ."

ಶೇವಂತಿ ಆಕೆಯ ಮುಖವನ್ನೇ ನೋಡಿದಳು. "ಹೂಂ," ಎಂದಳು. "ಹಂಗಾದ್ರ ನಡಿ."

ಮಾಯವ್ವ ಗೊಳೋ ಎಂದು ಅತ್ತಳು. ಮಲಕಾಜಪ್ಪ ಮೂಗಿನಲ್ಲೇ ಅತ್ತ. ಮಾರ್ಕೊ ಕಣ್ಣೊರೆಸಿಕೊಳ್ಳುತ್ತ ಎಲ್ಲರಿಗೂ "ಹೌದು, ಹೌದು," ಎನ್ನುತ್ತಿದ್ದ. ಹಿಗ್ಗಿನಲ್ಲಿದ್ದ ಲೂಚಿಯಾ ಮೊಬೈಲ್ ಹಿಡಿದು ಅಂಗಳಕ್ಕೆ ಹೋಗಿ ತನ್ನ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದಳು. ಶ್ರೀಧರ ಮರದ ನೆರಳಿಗೆ ಬಂದು, ಇಂಗ್ಲಿಷಿನ ಗಂಡಾಂತರ ಈ ಜನ್ಮಕ್ಕೆ ಕಳೆಯಿತೆಂದು ಅಂಗಿಯ ಗುಂಡಿ ಸಡಿಲಿಸಿಕೊಂಡ.

ಲೂಚಿಯಾ ನೇರ ಅವನ ಬಳಿಗೇ ಬಂದಳು. "ಮಹಾಶಯರೇ, ಶುಭ ಸಮಾಚಾರ! ಮುಂದಿನ ತಿಂಗಳು ನನ್ನ ಸ್ನೇಹಿತ ದಂಪತಿಗಳು ಇದೇ ಆಶ್ರಮಕ್ಕೆ ಬರಲಿದ್ದಾರೆ. ಪಾಪ, ಅವರೂ ಕಷ್ಟಪಟ್ಟು ಕನ್ನಡ ಕಲಿಯುತ್ತಿದ್ದರು. ಈ ಕ್ಷಣವೇ ನಿಲ್ಲಿಸಿ, ಇಂಗ್ಲಿಷ್ ಸಾಕು ಎಂದು ಹೇಳಿದೆ. ಅವರಿಗೆ ಇಂಗ್ಲಿಷ್ ಬಹಳ ಚೆನ್ನಾಗಿ ಬರುತ್ತದೆ."

"ಅಯ್ಯೋ, ಯಾಕ್ರೀ?" ಎಂದ ಶ್ರೀಧರ, ಉಡುಗಿದ ದನಿಯಲ್ಲಿ.

"ನೀವಿದ್ದೀರಲ್ಲ!" ಎಂದಳು ಲೂಚಿಯಾ. "ನನಗೆ ಬರುವುದು ಅಲ್ಪಸ್ವಲ್ಪ ಇಂಗ್ಲಿಷ್. ಆದರೆ ನಿಮ್ಮ ಇಂಗ್ಲಿಷ್ ಎಷ್ಟು ಉನ್ನತವಾದದ್ದೆಂದರೆ, ನನಗೆ ಒಂದು ಪದವೂ ಅರ್ಥವಾಗಲಿಲ್ಲ!"